ಸ್ವಂತ ದುಡ್ಡಿನ ಸುವಾರ್ತೆ ಹಾಡು: ಹಕ್ಕು, ಸ್ಟುಡಿಯೊ, ಸಂಪಾದನೆ

ತುಮಕೂರು ಜಿಲ್ಲೆಯ ಪಾವಗಡದ ಸುತ್ತ ಹೆಚ್ಚುಕಡಿಮೆ ಆಂಧ್ರವೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಕುಟುಂಬಗಳು ಅಲ್ಲಿ ಸಾಮಾನ್ಯ; ಮಧುಗಿರಿಯ ಗಡಿ ಹಳ್ಳಿಗಳಲ್ಲೂ ಹಾಗೆಯೇ. ಇಂಥ ಕಡೆ ತೆಲುಗಿನ ಕ್ರೈಸ್ತ ಗೀತೆಗಳು ಕನ್ನಡದ ಮಾತು ತೊಟ್ಟು ಪ್ರಾರ್ಥನಾ ಕೂಟಗಳಿಗೆ ಬರುವುದು ಸಹಜ. ಕೈಯಿಂದ ದುಡ್ಡು ಹಾಕಿ ಹಾಡು ಬಿಡಲು ಹೊರಟವರಿಗೆ ಮೊದಲ ತೊಡಕು ಇದೇ: ಹಾಡಿನ ಹಕ್ಕು ಯಾರದು?

ಭಾನುವಾರದ ಆರಾಧನೆಯಲ್ಲಿ ಯಾರ ಹಾಡನ್ನಾದರೂ ಹಾಡಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಧಾರ್ಮಿಕ ವಿಧಿಗೆ ಆ ರಿಯಾಯಿತಿ ಕೊಟ್ಟಿದೆ. ಅದನ್ನೇ ನೆಚ್ಚಿಕೊಂಡು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಡಿ. ಭಾಷಾಂತರಕ್ಕೆ ಮೂಲ ಸಾಹಿತ್ಯ ಬರೆದವರ ಒಪ್ಪಿಗೆ ಬೇಕು, ರಾಗಕ್ಕೆ ಸಂಗೀತ ಕಟ್ಟಿದವರದ್ದು. ಇಬ್ಬರೂ ತೀರಿಕೊಂಡು 60 ವರ್ಷ ಕಳೆದಿದ್ದರೆ ಯಾರನ್ನೂ ಕೇಳಬೇಕಿಲ್ಲ. ಉದಾಹರಣೆಗೆ, ಕಿಟ್ಟೆಲ್ ಎಂದರೆ ನಮಗೆ ನಿಘಂಟು ಮಾತ್ರ ನೆನಪಾಗುತ್ತದೆ. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಅವರ ‘ಕಥಾಮಾಲೆ’ 1862ರಷ್ಟು ಹಳೆಯದು. ರಾಗ ಹಾಕಿ ಹಾಡಲು ಯಾವ ಅಡ್ಡಿಯೂ ಇಲ್ಲ, ಹಾಡುವವರು ಮಾತ್ರ ಅಪರೂಪ.

‘ದೇವರಿಗೆ ಬರೆದ ಹಾಡಿಗೆ ಹಕ್ಕಿನ ಮಾತೇಕೆ?’ ಅನ್ನುವವರಿದ್ದಾರೆ. ನೀವು ಬೇಡವೆಂದರೆ ಇನ್ನೊಬ್ಬರು ತಮ್ಮದೆನ್ನುತ್ತಾರೆ, ಅಷ್ಟೆ. ಆಮೇಲೆ ನಿಮ್ಮ ಹಾಡಿನ ಜಾಹೀರಾತಿನ ಹಣ ಅವರ ಖಾತೆಗೆ ಹೋಗುತ್ತದೆ. ಸಾಹಿತ್ಯ, ರಾಗ, ವಾದ್ಯಸಂಯೋಜನೆ ಯಾರದು, ಯಾರಿಗೆ ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದಾದರೆ ಸಾಹಿತ್ಯ ಅಥವಾ ಸಂಗೀತ ಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ.

ಸ್ಟುಡಿಯೊ ಬೇಕೆಂದರೆ ಶಿರಾ, ಕೊರಟಗೆರೆಯವರಿಗೆ ತುಮಕೂರು ಹತ್ತಿರ, ಬೆಂಗಳೂರೂ ತೀರಾ ದೂರವಲ್ಲ. ಸ್ಟುಡಿಯೊದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತದೆ. ಪಲ್ಲವಿ, ಚರಣ, ಶ್ರುತಿ, ಲಯ ಎಲ್ಲ ಊರಲ್ಲೇ ಗಟ್ಟಿ ಮಾಡಿಕೊಂಡು ಹೋಗುವುದು ಲೇಸು. ನಾಲ್ಕು ಗೋಡೆಗೂ ಕಂಬಳಿ ಇಳಿಬಿಟ್ಟ ಕೋಣೆಯಲ್ಲಿ ದನಿಯನ್ನು ಮನೆಯಲ್ಲೇ ಮುದ್ರಿಸಿ, ಮಿಕ್ಸಿಂಗ್‌ಗೆ ಮಾತ್ರ ಹೊರಗೆ ಕಳಿಸಿದರೂ ನಡೆಯುತ್ತದೆ. ಫ್ಯಾನ್ ಆಫ್ ಮಾಡಿ, ಮೈಕಿನಿಂದ ಒಂದು ಗೇಣು ಹಿಂದೆ ನಿಂತು ಹಾಡಿ. ಬಾಕಿ ಹಣ ಕೊಡುವ ಮುನ್ನ ಪೆನ್‌ಡ್ರೈವ್ ತೆರೆದು ನೋಡಿ: ಅದರಲ್ಲಿ ವೇವ್ ಫೈಲ್ ಇರಬೇಕು, ಹಾಡಿಲ್ಲದ ಟ್ರ್ಯಾಕ್ ಇರಬೇಕು, ವಾದ್ಯಗಳ ಬಿಡಿ ಫೈಲ್‌ಗಳಿರಬೇಕು. ಬರೀ ಎಂಪಿ3 ಹಿಡಿದು ಬಂದರೆ ನಾಳೆ ಉಜ್ಜೀವನ ಕೂಟದ ವೇದಿಕೆಯಲ್ಲಿ ಟ್ರ್ಯಾಕ್‌ಗೆ ಪರದಾಡಬೇಕಾಗುತ್ತದೆ.

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ಗಳಿಗೆ ಹಾಡು ತಲುಪಿಸಲು ವಿತರಕ ಸಂಸ್ಥೆ ಬೇಕು. ಅದು ಹಾಡಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಬರೆದಿಟ್ಟುಕೊಳ್ಳಿ. ವಿತರಕರನ್ನು ಬದಲಿಸಿದಾಗ ಅದೇ ಗುರುತು ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುವ ಸಾಧ್ಯತೆ ಹೆಚ್ಚು.

ಇನ್ನು ಸಂಪಾದನೆ. ಯೂಟ್ಯೂಬ್ ಜಾಹೀರಾತಿನ ಪಾಲು ಬೇಕಾದರೆ 1,000 ಚಂದಾದಾರರ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಶಾರ್ಟ್ಸ್‌ನಿಂದಾದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಸಣ್ಣ ಊರಿನ ಗಾಯಕರು ಮೊದಲ ಹಾಡಿಗೇ ಇದನ್ನು ಲೆಕ್ಕಕ್ಕೆ ಹಿಡಿಯಬಾರದು, ಸಾಲ ಮಾಡಿ ವಿಡಿಯೊವನ್ನಂತೂ ತೆಗೆಯಲೇಬಾರದು. ಸಾಹಿತ್ಯದ ಸಾಲುಗಳು ಮೂಡುವ ಲಿರಿಕಲ್ ವಿಡಿಯೊ ಸಾಕು. ಸಭೆಯವರು ಹಾಡು ಕಲಿಯುವುದೂ ಅದರಿಂದಲೇ. ಸಾಹಿತ್ಯ, ಸಂಗೀತ ನಿಮ್ಮದೇ ಆಗಿದ್ದರೆ ರಾಯಧನ ಸಂಗ್ರಹಿಸಿ ಹಂಚಲು 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಕವಿ ಮತ್ತು ಸಂಗೀತಗಾರರ ರಾಯಧನದ ಪಾಲು ಹೋಗುವುದಿಲ್ಲ. ‘ಒಂದೇ ಸಲ ಹಣ ಕೊಡ್ತೀವಿ, ಮುಂದೆ ಏನೂ ಕೇಳಬಾರದು’ ಎಂಬ ಕರಾರು ಮುಂದಿಟ್ಟರೆ ಇದನ್ನು ಹೇಳಿ.

ಕ್ರಿಸ್‌ಮಸ್ ಹಾಡಾದರೆ ನವೆಂಬರ್ ಮೊದಲ ವಾರದೊಳಗೆ ವಿತರಕರ ಕೈಗೆ ಕೊಟ್ಟುಬಿಡಿ. ಗಾಯನ ತಂಡಗಳು ಅಭ್ಯಾಸಕ್ಕೆ ಹಾಡು ಆರಿಸಿಕೊಳ್ಳುವುದು ಡಿಸೆಂಬರ್‌ಗೆ ಮೊದಲೇ.