ಬೋರ್ಡು ನೋಡದೆ ಲೆಕ್ಕ

‘ಆರು ಪ್ಲಸ್ ನಾಲ್ಕು ಬೈ ಎರಡು ಎಷ್ಟು?’

ಬೋರ್ಡಿನ ಮೇಲೆ ಬರೆದಿದ್ದರೆ ತಕರಾರಿಲ್ಲ. ಅಡ್ಡಗೆರೆ ನಾಲ್ಕರ ಕೆಳಗಷ್ಟೇ ಇದೆಯೋ, ಆರರಿಂದಲೇ ಶುರುವಾಗಿದೆಯೋ, ಕಣ್ಣಿಗೆ ಕಂಡುಬಿಡುತ್ತದೆ. ಬರೀ ಕಿವಿಯಲ್ಲಿ ಕೇಳಿಸಿಕೊಂಡವರಿಗೆ ಉತ್ತರ ಎಂಟೂ ಆಗಬಹುದು, ಐದೂ ಆಗಬಹುದು. ಅಂಧ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವವರ ತಲೆನೋವೆಲ್ಲ ಹೆಚ್ಚುಕಡಿಮೆ ಇಷ್ಟರಲ್ಲೇ ಇದೆ. ಕಾಗದದ ಗಣಿತ ಮೇಲೆ, ಕೆಳಗೆ, ಅಕ್ಕಪಕ್ಕ ಹರಡಿಕೊಂಡಿರುತ್ತದೆ. ಮಾತು ಮಾತ್ರ ಒಂದರ ಹಿಂದೊಂದು ಸಾಲಾಗಿ ಬರುತ್ತದೆ.

ಕಣ್ಣು ಕಾಣದವರಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂಬ ಮಾತಿಗೆ 300 ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ವರ್ಷದ ಕೂಸಾಗಿದ್ದಾಗಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡ ನಿಕೋಲಸ್ ಸಾಂಡರ್ಸನ್, 1711ರಲ್ಲಿ ಕೇಂಬ್ರಿಜ್‌ನಲ್ಲಿ ನ್ಯೂಟನ್ ಕೂತಿದ್ದ ಪೀಠಕ್ಕೇ ಪ್ರಾಧ್ಯಾಪಕರಾಗಿ ಬಂದರು. ಹಲಗೆಯ ತೂತುಗಳಿಗೆ ಗುಂಡುಸೂಜಿ ಚುಚ್ಚಿ, ಬೆರಳಿನಿಂದ ಮುಟ್ಟಿ ನೋಡುತ್ತ ಲೆಕ್ಕ ಮಾಡುವ ಸಾಧನವನ್ನು ತಾವೇ ಮಾಡಿಕೊಂಡಿದ್ದರು.

ಬ್ರೈಲ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ, ಮೊಳೆಯಿಂದ ಚುಚ್ಚುತ್ತ ಬಲದಿಂದ ಎಡಕ್ಕೆ ಬರೆಯಬೇಕು. ಓದಬೇಕಾದರೆ ಕಾಗದ ತೆಗೆದು ಮಗುಚಬೇಕು. ಪತ್ರ ಬರೆಯಲು ಇದು ಸಾಕು. 347ನ್ನು 26ರಿಂದ ಗುಣಿಸುವುದಕ್ಕೆ ಸಾಲದು. ಕೈಯಲ್ಲಿ ಉಳಿದದ್ದನ್ನು ಮುಂದಿನ ಮನೆಗೆ ಏರಿಸಬೇಕು, ಒಂದರ ಕೆಳಗೊಂದು ಬರೆದು ಕೂಡಬೇಕು, ತಪ್ಪಿದರೆ ತಿದ್ದಬೇಕು. ಚುಚ್ಚಿದ ಚುಕ್ಕಿಯನ್ನು ಅಳಿಸಿ ತಿದ್ದುವುದೇ ಒಂದು ರಗಳೆ.

ಅದಕ್ಕೇ ನಮ್ಮ ಅಂಧರ ಶಾಲೆಗಳಲ್ಲಿ ಟೇಲರ್ ಫ್ರೇಮ್ ಇರುತ್ತದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಟೇಲರ್ 19ನೇ ಶತಮಾನದಲ್ಲಿ ರೂಪಿಸಿದ್ದು. ಲೋಹದ ಹಲಗೆಯ ತುಂಬ ಎಂಟು ಮೂಲೆಯ ತೂತುಗಳು. ಅವುಗಳಲ್ಲಿ ನಿಲ್ಲಿಸಲು ಬೆರಳ ತುದಿಯಷ್ಟಿರುವ ಚೌಕದ ಅಚ್ಚುಗಳು. ಒಂದು ತುದಿಯ ಅಂಚಿನಲ್ಲಿ ಉಬ್ಬು ಗೆರೆ, ಇನ್ನೊಂದು ತುದಿಯಲ್ಲಿ ಎರಡು ಮೊನೆ. ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಬಹುದು, ಬುಡಮೇಲು ಮಾಡಿ ಮತ್ತೆ ಎಂಟು ದಿಕ್ಕಿಗೆ. ಒಟ್ಟು 16 ಗುರುತು. ಅಂಕಿಗಳೂ ಆದವು, ಕೂಡುವ ಕಳೆಯುವ ಚಿಹ್ನೆಗಳೂ ಆದವು. ಬೀಜಗಣಿತಕ್ಕೆ ಬೇರೆ ಅಚ್ಚುಗಳಿವೆ. ಲೆಕ್ಕ ಸಾಲು ಸಾಲಾಗಿ ಬೆರಳ ಕೆಳಗೆ ನಿಂತಿರುತ್ತದೆ. ಕಷ್ಟವೆಂದರೆ ಒಂದೇ: ಹಲಗೆ ಮಗುಚಿದರೆ ಅಚ್ಚು ಹೆಕ್ಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ವೇಗ ಬೇಕೆಂದರೆ ಮಣಿಕಟ್ಟು, ಅಂದರೆ ಅಬ್ಯಾಕಸ್. ಅಮೆರಿಕದ ಟಿಮ್ ಕ್ರಾನ್ಮರ್ 1962ರಲ್ಲಿ ಜಪಾನಿನ ಅಬ್ಯಾಕಸ್‌ನ ಮಣಿಗಳ ಹಿಂದೆ ಮೆತ್ತನೆಯ ಬಟ್ಟೆ ಅಂಟಿಸಿದರು. ಬೆರಳಾಡಿಸಿದಾಗ ಮಣಿ ಜಾರದಂತೆ ಮಾಡಿದ ಅಷ್ಟು ಸಣ್ಣ ತಿದ್ದುಪಡಿ, ಅಂಧರಿಗೆ ಕ್ಯಾಲ್ಕುಲೇಟರನ್ನೇ ಕೊಟ್ಟಂತಾಯಿತು.

ಮೇಲ್ತರಗತಿಯ ಗಣಿತಕ್ಕೆ ದಾರಿ ಮಾಡಿದವರು ಹುಟ್ಟುಕುರುಡರಾಗಿದ್ದ ಏಬ್ರಹಾಂ ನೆಮೆತ್. ಗಣಿತ ನಿನಗೆ ಬೇಡ ಎಂಬ ಹಿರಿಯರ ಸಲಹೆ ಕೇಳಿ ಮನಶ್ಶಾಸ್ತ್ರ ಓದಿದರು, ಮನಸ್ಸು ತಡೆಯದೆ ಗಣಿತಕ್ಕೇ ಮರಳಿ ಡೆಟ್ರಾಯಿಟ್‌ನಲ್ಲಿ ಪ್ರಾಧ್ಯಾಪಕರಾದರು. ಭಿನ್ನರಾಶಿ, ಘಾತ, ವರ್ಗಮೂಲಗಳನ್ನು ಆರು ಚುಕ್ಕಿಗಳಲ್ಲೇ ಬರೆಯುವ ನೆಮೆತ್ ಸಂಕೇತ ಅವರದು. ಜೊತೆಗೆ, ಓದಿ ಹೇಳುವವರಿಗೆ ‘ಭಿನ್ನರಾಶಿ ಶುರು’, ‘ಭಿನ್ನರಾಶಿ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಸಿದರು. ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರಿಗೂ ಇದಕ್ಕೆ ಕಾಸು ಖರ್ಚಿಲ್ಲ.

ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಅಂಧ ವಿದ್ಯಾರ್ಥಿ ಗಣಿತದ ಬದಲು ಸಮಾಜಶಾಸ್ತ್ರ ತೆಗೆದುಕೊಳ್ಳಬಹುದು. ರಿಯಾಯಿತಿ ಕರುಣೆಯಿಂದ ಬಂದದ್ದೇ, ಬೇಕಾದವರಿಗೆ ಇರಲಿ. ಆದರೆ ಕಲಿಸುವ ಹೊಣೆಯಿಂದ ಶಾಲೆಗೂ ಅದೇ ಬಾಗಿಲಲ್ಲಿ ಬಿಡುಗಡೆ ಸಿಗುತ್ತದೆ. ಹಾಗೆ ಗಣಿತ ಬಿಟ್ಟ ಹುಡುಗಿಯೊಬ್ಬಳು ಪಿಯುಸಿ ಕಲಾ ವಿಭಾಗಕ್ಕೆ ಸೇರಿ, ಇತಿಹಾಸದ ಜೊತೆ ಅರ್ಥಶಾಸ್ತ್ರ ಆರಿಸಿಕೊಂಡಳು ಅನ್ನಿ. ಬಿಟ್ಟುಬಂದ ಗಣಿತ ಅಲ್ಲಿ ಬೇಡಿಕೆ ರೇಖೆ, ಪೂರೈಕೆ ರೇಖೆ, ಔದಾಸೀನ್ಯ ವಕ್ರರೇಖೆಗಳ ವೇಷದಲ್ಲಿ ಕಾದು ಕೂತಿರುತ್ತದೆ. ‘ಇಲ್ಲಿಂದ ಇಲ್ಲಿಗೆ ಬಂತು ನೋಡಿ’ ಎಂದು ಉಪನ್ಯಾಸಕರು ಬೋರ್ಡಿಗೆ ಚಾಕ್‌ಪೀಸ್ ಕುಟ್ಟುತ್ತಾರೆ. ಎಲ್ಲಿಂದ, ಎಲ್ಲಿಗೆ?

ಇದಕ್ಕೂ ಉಪಾಯವಿದೆ. ರಬ್ಬರ್ ಹಾಸಿನ ಮೇಲೆ ‘ಜರ್ಮನ್ ಫಿಲ್ಮ್’ ಎನ್ನುವ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್‌ಪೆನ್ನಿನಿಂದ ಒತ್ತಿ ಗೀರಿದರೆ, ಗೆರೆ ಗೀರಿದ ಮಗ್ಗುಲಲ್ಲೇ ಉಬ್ಬುತ್ತದೆ. ಮೊದಲು ಬೆಲೆ, ಪ್ರಮಾಣಗಳ ಪಟ್ಟಿ ಕೊಡಬೇಕು, ಆಮೇಲೆ ರೇಖೆ. ಎಡಗೈ ಬೆರಳು ಬೇಡಿಕೆ ರೇಖೆಯ ಮೇಲೆ, ಬಲಗೈ ಬೆರಳು ಪೂರೈಕೆ ರೇಖೆಯ ಮೇಲೆ, ಎರಡೂ ಒಂದೇ ಬೆಲೆಯ ಎತ್ತರದಲ್ಲಿ. ಬೆರಳುಗಳ ನಡುವಿನ ಅಂತರವೇ ಮಾರಾಟವಾಗದೆ ಉಳಿದ ಸರಕು. ಬೆಲೆ ಇಳಿಸುತ್ತ ಬಂದಂತೆ ಬೆರಳುಗಳು ಹತ್ತಿರವಾಗಿ ಒಂದು ಕಡೆ ಕೂಡುತ್ತವೆ: ಸಮತೋಲನ ಬೆಲೆ. ಇನ್ನೂ ಕೆಳಗಿಳಿದರೆ ಕೈಗೆ ಕೈ ಅಡ್ಡ ಬೀಳುತ್ತದೆ, ಸರಕಿನ ಕೊರತೆ ಶುರು. ಕಣ್ಣಿರುವ ಎಷ್ಟೋ ವಿದ್ಯಾರ್ಥಿಗಳು ಚಿತ್ರವನ್ನು ಉರುಹೊಡೆದು ಬರೆಯುತ್ತಾರೆ. ಇಷ್ಟು ಬಿಡಿಸಿ ಅದನ್ನು ನೋಡಿರುವುದು ಅನುಮಾನ. ಎಚ್ಚರ ಬೇಕಾದದ್ದು ರೇಖೆ ಸರಿಯುವ ಪಾಠದಲ್ಲಿ. ಪುಸ್ತಕದಲ್ಲಿರುವಂತೆ ಎರಡು ಮೂರು ರೇಖೆ, ಚುಕ್ಕಿಗೆರೆಗಳನ್ನು ಒಂದೇ ಹಾಳೆಯಲ್ಲಿ ತುರುಕಿದರೆ ಬೆರಳಿಗೆ ಗೋಜಲಾಗುತ್ತದೆ. ಬದಲಾವಣೆಗೊಂದು ಹಾಳೆ ಕೊಡುವುದು ಲೇಸು.

ಕಂಪ್ಯೂಟರ್ ಬಂದಮೇಲೆ ಕೆಲಸ ಹಗುರಾಗಿದೆ. ಪುಣೆಯಲ್ಲಿ ಗಣಿತ ಓದಿದ, 14ರ ವಯಸ್ಸಿನಲ್ಲಿ ದೃಷ್ಟಿ ಹೋದ ಟಿ.ವಿ. ರಾಮನ್ ಕಾರ್ನೆಲ್‌ನಲ್ಲಿ 1994ರಲ್ಲಿ ಸಲ್ಲಿಸಿದ ಪ್ರಬಂಧವೇ ಸಮೀಕರಣಗಳನ್ನು ದನಿಯಲ್ಲಿ ಓದುವ ತಂತ್ರಾಂಶದ ಬಗ್ಗೆ. ಆ ತಂತ್ರಾಂಶಕ್ಕೆ ತಮ್ಮ ಮಾರ್ಗದರ್ಶಿ ನಾಯಿ ಆ್ಯಸ್ಟರ್‌ನ ಹೆಸರಿಟ್ಟರು. ಈಗ ರೇಖೆ ಬಿಡಿಸುವ ಡೆಸ್ಮಾಸ್‌ನಂಥ ಜಾಲತಾಣದಲ್ಲಿ ರೇಖೆ ಏರಿದಂತೆ ಸ್ವರ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಪರದೆ ಓದುವ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಮಾಡಿದ ಕನ್ನಡ ಪಿಡಿಎಫ್ ಅದರ ಕೈಗೆ ಸಿಕ್ಕರೆ ಕೇಳುವುದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗಲಿಬಿಲಿ.

ಕೊನೆಗೆ ಪರೀಕ್ಷೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿದೆ, ಬರೆದುಕೊಡಲು ಸ್ಕ್ರೈಬ್ ಇರುತ್ತಾರೆ. ಇತಿಹಾಸದ ಉತ್ತರವನ್ನು ಹೇಳಿ ಬರೆಸಬಹುದು. ಗಣಿತದಲ್ಲಿ ಕಂಸ ಎಲ್ಲಿ ಮುಚ್ಚಬೇಕು, ವರ್ಗಮೂಲದ ಗೆರೆಯನ್ನು ಎಲ್ಲಿಯವರೆಗೆ ಎಳೆಯಬೇಕು ಎಂಬುದನ್ನೂ ಹೇಳಬೇಕು. ಸ್ಕ್ರೈಬ್ ಕೆಳಗಿನ ತರಗತಿಯವರಾದರೆ ಆ ಗುರುತುಗಳೇ ಅವರಿಗೆ ಹೊಸತು. 2018ರ ಮಾರ್ಗಸೂಚಿ ಪರೀಕ್ಷೆಗೆ ಎರಡು ದಿನ ಮೊದಲೇ ಸ್ಕ್ರೈಬ್‌ರನ್ನು ಭೇಟಿಯಾಗಲು ಅವಕಾಶ ಕೊಟ್ಟಿತ್ತು. ಅಂಥ ಭೇಟಿಯನ್ನು ಹೆಸರು, ಊರು ಕೇಳುವುದರಲ್ಲಿ ಮುಗಿಸದೆ, ಹಳೆಯ ಪ್ರಶ್ನೆಪತ್ರಿಕೆಯ ನಾಲ್ಕು ಲೆಕ್ಕವನ್ನಾದರೂ ಹೇಳಿ ಬರೆಸಿ, ಬರೆದದ್ದನ್ನು ತಿರುಗಿ ಓದಿಸಿಕೊಳ್ಳಬೇಕು.