ದಿನು ಲಿಪಾಟಿ: ಹದಿಮೂರು ವಾಲ್ಟ್ಸ್‌ಗಳ ಕಛೇರಿ

(ಬಾನುಲಿ ಭಾಷಣ)

1950ನೆಯ ಇಸವಿ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾಂಸೊಂ ನಗರದ ಸಂಗೀತೋತ್ಸವದಲ್ಲಿ ಒಂದು ಪಿಯಾನೊ ಕಛೇರಿ ನಡೆಯಿತು. ವೇದಿಕೆಗೆ ಬಂದ ಕಲಾವಿದನ ವಯಸ್ಸು ಮೂವತ್ತಮೂರು. ಆತನ ದೇಹವನ್ನು ವರ್ಷಗಳಿಂದ ಒಂದು ವ್ಯಾಧಿ ಒಳಗೊಳಗೇ ತಿನ್ನುತ್ತಿತ್ತು. ಅಂದು ನುಡಿಸಬಾರದೆಂದು ವೈದ್ಯರು ಹೇಳಿದ್ದರು. ಕೊಟ್ಟ ಮಾತಿಗೆ ತಪ್ಪಲಾರೆನೆಂದು ಆತ ಬಂದಿದ್ದ. ಬಾಖ್, ಮೊಟ್ಸಾರ್ಟ್, ಶೂಬರ್ಟ್ ಇವರ ಕೃತಿಗಳಾದ ಮೇಲೆ ಶೋಪ್ಯಾಂನ ಹದಿನಾಲ್ಕು ವಾಲ್ಟ್ಸ್‌ಗಳನ್ನು ನುಡಿಸುವುದು ಅಂದಿನ ಕಾರ್ಯಕ್ರಮ. ಹದಿಮೂರು ಮುಗಿದವು. ಹದಿನಾಲ್ಕನೆಯದಕ್ಕೆ ಕೈಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಆತ ಬಾಖ್‌ನ ಒಂದು ಪ್ರಾರ್ಥನಾಗೀತವನ್ನು ಮೆಲ್ಲನೆ ನುಡಿಸಿ ಎದ್ದುಹೋದ. ಅದೇ ವರ್ಷ ಡಿಸೆಂಬರ್ 2ರಂದು ಜಿನೀವಾದಲ್ಲಿ ತೀರಿಕೊಂಡ. ಆತನೇ ರುಮೇನಿಯಾದ ಪಿಯಾನೊ ವಾದಕ ದಿನು ಲಿಪಾಟಿ.

ಈ ಕಥೆಯನ್ನು ಕೇಳಿದವರು ಮರೆಯುವುದಿಲ್ಲ. ನನ್ನ ಇಂದಿನ ತೊಡಕು ಇರುವುದೂ ಅಲ್ಲಿಯೇ. ಆ ಕಛೇರಿಯನ್ನು ರೇಡಿಯೋದವರು ಮುದ್ರಿಸಿಕೊಂಡಿದ್ದರು. ಅದು ಇಂದಿಗೂ ಕೇಳಲು ದೊರೆಯುತ್ತದೆ. ಅದನ್ನು ಕೇಳುವಾಗ ನಾವು ಕೇಳುತ್ತಿರುವುದು ಸಂಗೀತವನ್ನೋ, ಸಾವಿನ ಹೆಜ್ಜೆಯ ಸಪ್ಪಳವನ್ನೋ? ಕಥೆಯನ್ನು ಬದಿಗಿಟ್ಟರೂ ಆ ವಾದನ ನಿಲ್ಲುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಪಿಯಾನೊ ಎಂಬ ವಾದ್ಯದ ಸ್ವಭಾವವನ್ನೂ, ಲಿಪಾಟಿ ಆರಿಸಿಕೊಂಡ ಸಂಗೀತದ ಸ್ವಭಾವವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು.

ಪಿಯಾನೊ ನಮ್ಮ ಕಿವಿಗೆ ಒಮ್ಮೆಗೇ ಒಗ್ಗುವ ವಾದ್ಯವಲ್ಲ. ವೀಣೆಯಲ್ಲಿ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕದ ಜೀವವೇ ಅದು. ಪಿಯಾನೊದಲ್ಲಿ ಅದು ಸಾಧ್ಯವಿಲ್ಲ. ಬೆರಳು ಕೀಲಿಯನ್ನು ಒತ್ತಿದಾಗ ಒಳಗಿನ ಒಂದು ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಅಲ್ಲಿಂದ ಮುಂದೆ ಆ ಸ್ವರದ ಮೇಲೆ ವಾದಕನಿಗೆ ಅಧಿಕಾರವಿಲ್ಲ. ಅದನ್ನು ತಡೆದು ನಿಲ್ಲಿಸಬಹುದು, ಬೆಳೆಸಲಾಗದು. ಹುಟ್ಟಿದ ಕ್ಷಣದಿಂದಲೇ ಅದು ಕ್ಷೀಣಿಸತೊಡಗುತ್ತದೆ. ಹಾಗಿದ್ದೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶೋಪ್ಯಾಂ, ಷೂಮಾನ್, ಲಿಸ್ಟ್ ಮೊದಲಾದ ರೊಮ್ಯಾಂಟಿಕ್ ಸಂಗೀತಕಾರರು ಈ ಬಡಿಯುವ ವಾದ್ಯದಿಂದಲೇ ಹಾಡಿಸಲು ಹೊರಟರು. ಸಾಯುತ್ತಿರುವ ಒಂದು ಸ್ವರಕ್ಕೆ ಮುಂದಿನ ಸ್ವರವನ್ನು ಎಷ್ಟು ತೂಕದಲ್ಲಿ ಜೋಡಿಸಿದರೆ ಎರಡರ ನಡುವಣ ಬಿರುಕು ಕಿವಿಗೆ ಕಾಣದು ಎಂಬುದೇ ಅವರ ವಾದನದ ರಹಸ್ಯ. ಹಾಡಿನ ಎಳೆ ಎಂಬುದು ಪಿಯಾನೊದಲ್ಲಿ ಒಂದು ಭ್ರಮೆ. ಆದರೆ ಅದನ್ನು ಹುಟ್ಟಿಸುವುದಕ್ಕೆ ಒಂದು ಜೀವಮಾನದ ಸಾಧನೆ ಬೇಕು.

ಎರಡನೆಯ ಮಾತು ಲಯದ್ದು. ಪಾಶ್ಚಾತ್ಯರಲ್ಲಿ 'ರುಬಾಟೊ' ಎಂಬ ಪರಿಭಾಷೆಯಿದೆ. 'ಕದ್ದ ಕಾಲ' ಎಂಬುದು ಅದರ ಅರ್ಥ. ಒಂದು ಸ್ವರದ ಮೇಲೆ ತುಸು ಹೆಚ್ಚು ನಿಂತು, ಆ ಕಾಲವನ್ನು ಮುಂದಿನ ಸ್ವರಗಳಿಂದ ಕಡ ತಂದು, ಮತ್ತೆ ತೀರಿಸುವುದು. ಎಡಗೈ ಮೇಳದ ನಾಯಕನಂತೆ ಕಾಲವನ್ನು ಬಿಗಿಯಾಗಿ ಕಾಯುತ್ತಿರಬೇಕು, ಬಲಗೈ ಮಾತ್ರ ಹಾಡುಗಾರನಂತೆ ಸ್ವತಂತ್ರವಾಗಿರಬಹುದು ಎಂದು ಶೋಪ್ಯಾಂ ತನ್ನ ಶಿಷ್ಯರಿಗೆ ಹೇಳುತ್ತಿದ್ದನಂತೆ. ಕೇಳಲು ಸುಲಭವಾದ ಈ ಮಾತು ನಡೆಸಲು ಬಹಳ ಕಷ್ಟ. ಸಾಲ ಮಾಡಿ ತೀರಿಸದ ವಾದಕರೇ ಹೆಚ್ಚು. ಅಂಥವರ ಕೈಯಲ್ಲಿ ಶೋಪ್ಯಾಂ ಅಳುಬುರುಕನಾಗುತ್ತಾನೆ.

ಲಿಪಾಟಿ ಹುಟ್ಟಿದ್ದು 1917ರ ಮಾರ್ಚ್ 19ರಂದು, ಬುಖಾರೆಸ್ಟ್ ನಗರದಲ್ಲಿ. ಪಿಟೀಲು ವಾದಕನೂ ಸಂಗೀತ ರಚನಕಾರನೂ ಆದ ಜಾರ್ಜ್ ಎನೆಸ್ಕು ಅವನ ಧರ್ಮಪಿತ. ಊರಿನಲ್ಲಿ ಫ್ಲೋರಿಕಾ ಮುಸಿಚೆಸ್ಕು ಎಂಬ ಗುರುವಿನ ಕಠಿಣ ಶಿಕ್ಷಣ ದೊರೆಯಿತು. ಹದಿಹರೆಯದಲ್ಲಿ ವಿಯೆನ್ನಾದ ಸ್ಪರ್ಧೆಯೊಂದರಲ್ಲಿ ಆತನಿಗೆ ಎರಡನೆಯ ಬಹುಮಾನ ಬಂದಾಗ, ತೀರ್ಪುಗಾರರಲ್ಲಿ ಒಬ್ಬನಾಗಿದ್ದ ಫ್ರಾನ್ಸಿನ ಮಹಾವಾದಕ ಆಲ್ಫ್ರೆಡ್ ಕೋರ್ತೊ ಇದು ಅನ್ಯಾಯವೆಂದು ಮಂಡಲಿಗೆ ರಾಜೀನಾಮೆ ಕೊಟ್ಟು ಹೊರನಡೆದ. ಮುಂದೆ ಪ್ಯಾರಿಸ್ಸಿನಲ್ಲಿ ಅದೇ ಕೋರ್ತೊ ಆತನ ಗುರುವಾದ. ಸಂಗೀತ ರಚನೆಯನ್ನು ಲಿಪಾಟಿ ಪಾಲ್ ದ್ಯುಕಾ ಮತ್ತು ನಾದಿಯಾ ಬುಲಾಂಜೆ ಇವರಲ್ಲಿ ಕಲಿತ. ಬುಲಾಂಜೆಯ ಜೊತೆ ಕುಳಿತು 1937ರಲ್ಲಿ ಬ್ರಾಮ್ಸ್‌ನ ವಾಲ್ಟ್ಸ್‌ಗಳನ್ನು ನಾಲ್ಕು ಕೈಗಳಲ್ಲಿ ಮುದ್ರಿಸಿದ. ಆತನ ಆರಂಭದ ಮುದ್ರಿಕೆಗಳಲ್ಲಿ ಇವು ಸೇರಿವೆ. ಕೊನೆಯ ಮುದ್ರಿಕೆಗಳಲ್ಲಿ ಸೇರಿರುವುವೂ ವಾಲ್ಟ್ಸ್‌ಗಳೇ.

ಯುದ್ಧದ ನಡುವೆ, 1943ರಲ್ಲಿ, ರುಮೇನಿಯಾವನ್ನು ಬಿಟ್ಟ ಲಿಪಾಟಿ ಜಿನೀವಾದಲ್ಲಿ ನೆಲೆಸಿ ಅಲ್ಲಿನ ಸಂಗೀತ ಶಾಲೆಯಲ್ಲಿ ಅಧ್ಯಾಪಕನಾದ. ಆ ಹೊತ್ತಿಗೇ ಆರೋಗ್ಯ ಕೆಡತೊಡಗಿತ್ತು. ಹಾಡ್ಜ್‌ಕಿನ್ ವ್ಯಾಧಿ ಎಂದು ಅದಕ್ಕೆ ಹೆಸರು. ಇಂದು ಬಹುಮಟ್ಟಿಗೆ ಗುಣವಾಗುವ ಈ ಕಾಯಿಲೆಗೆ ಅಂದು ಮದ್ದಿರಲಿಲ್ಲ. ಲಂಡನ್ನಿನ ಮುದ್ರಣ ಸಂಸ್ಥೆಯ ನಿರ್ಮಾಪಕ ವಾಲ್ಟರ್ ಲೆಗ್ ಈತನ ಪ್ರತಿಭೆಯನ್ನು ಗುರುತಿಸಿ ಮುದ್ರಣಕ್ಕೆ ಕರೆದ. 1947ರಲ್ಲಿ ಶೋಪ್ಯಾಂನ ಬಿ ಮೈನರ್ ಸೊನಾಟಾ, ಲಿಸ್ಟ್‌ನ ಪೆಟ್ರಾರ್ಕ್ ಸಾನೆಟ್, ಗ್ರೀಗ್‌ನ ಕನ್ಚೆರ್ಟೊ. 1948ರಲ್ಲಿ ಕರಾಯಾನ್‌ನ ನಿರ್ದೇಶನದಲ್ಲಿ ಷೂಮಾನ್‌ನ ಕನ್ಚೆರ್ಟೊ, ಶೋಪ್ಯಾಂನ ಬಾರ್ಕರೋಲ್ — ಹೀಗೆ ಒಂದೊಂದಾಗಿ ಮುದ್ರಿತವಾದವು. ಎರಡು ಕನ್ಚೆರ್ಟೊಗಳಲ್ಲಿಯೂ ಜೊತೆಗಿದ್ದುದು ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದ.

ಈ ವೃಂದದ ಹೆಸರು ನಮ್ಮ ನಾಡಿಗೆ ಅಪರಿಚಿತವಲ್ಲ. ಸ್ವತಃ ಪಿಯಾನೊ ಕಲಿತು ಲಂಡನ್ನಿನ ಪದವಿಗಳನ್ನು ಪಡೆದಿದ್ದ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾಗಿ ಅದಕ್ಕೆ ಧನಸಹಾಯ ಮಾಡಿದರು. ಇಳಿವಯಸ್ಸಿನಲ್ಲಿ ಲಂಡನ್ನಿನಲ್ಲಿ ನೆಲೆಸಿ ಜಗತ್ತು ಮರೆತಂತಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು ಸಾಧ್ಯವಾದದ್ದು ಅವರ ಔದಾರ್ಯದಿಂದ. ಮೆಟ್ನರ್ ತನ್ನ ಮೂರನೆಯ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ್ದಾನೆ. ಬಾಳಿನ ಕೊನೆಯಲ್ಲಿರುವ ಕಲಾವಿದನ ನಾದವನ್ನು ಹಿಡಿದಿಡಬೇಕೆಂಬ ತವಕ ಆ ದಿನಗಳಲ್ಲಿ ಒಂದೇ ಕಡೆಯದಾಗಿರಲಿಲ್ಲ.

ಲಿಪಾಟಿಯ ಮುದ್ರಿಕೆಗಳ ಸಂಖ್ಯೆ ಕಡಮೆ. ಅದಕ್ಕೆ ಕಾಯಿಲೆಯೊಂದೇ ಕಾರಣವಲ್ಲ. ಒಂದು ದೊಡ್ಡ ಕೃತಿಯನ್ನು ಸಭೆಯ ಮುಂದೆ ತರಲು ಆತ ವರ್ಷಗಟ್ಟಲೆ ಕಾಲ ಕೇಳುತ್ತಿದ್ದ. ಅಂದಿನ ತಟ್ಟೆಯ ಒಂದು ಪಕ್ಕದಲ್ಲಿ ನಾಲ್ಕು ನಿಮಿಷ, ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಮೇಣದ ಮೇಲೆ ಕೊರೆದದ್ದನ್ನು ತಿದ್ದುವಂತಿರಲಿಲ್ಲ. ಒಂದು ಸ್ವರ ತಪ್ಪಿದರೆ ಆ ಪಕ್ಕವನ್ನೆಲ್ಲ ಮತ್ತೆ ನುಡಿಸಬೇಕು. ದೊಡ್ಡ ಕೃತಿಯನ್ನು ತುಂಡು ತುಂಡಾಗಿ ನುಡಿಸಿಯೂ ಅದರ ಓಟ ಒಂದೇ ಎಂಬಂತೆ ತೋರಿಸಬೇಕಾಗಿತ್ತು. ಷೂಮಾನ್‌ನ ಕನ್ಚೆರ್ಟೊವನ್ನು ಇಂದು ಕೇಳುವವರಿಗೆ ಎಲ್ಲಿ ತಟ್ಟೆ ಮಗುಚಿತು ಎಂಬುದು ತಿಳಿಯುವುದಿಲ್ಲ.

1950ರ ಬೇಸಗೆಯಲ್ಲಿ ಕಾರ್ಟಿಸೋನ್ ಎಂಬ ಹೊಸ ಔಷಧ ಲಿಪಾಟಿಗೆ ಕೆಲವು ವಾರಗಳ ಬಲವನ್ನು ತಂದುಕೊಟ್ಟಿತು. ಅದು ಗುಣಪಡಿಸುವ ಮದ್ದಲ್ಲ, ಕಾಲವನ್ನು ಸ್ವಲ್ಪ ಎರವಲು ತರುವ ಮದ್ದು. ಆ ಅವಕಾಶವನ್ನು ಕಳೆಯಬಾರದೆಂದು ಲೆಗ್ ಜುಲೈ ತಿಂಗಳಲ್ಲಿ ತನ್ನ ಸಲಕರಣೆ, ಸಹಾಯಕರೊಡನೆ ಜಿನೀವಾಕ್ಕೆ ಹೋದ. ಅಲ್ಲಿನ ರೇಡಿಯೋ ನಿಲಯದ ಸ್ಟುಡಿಯೋದಲ್ಲಿ ಬಾಖ್‌ನ ಮೊದಲ ಪಾರ್ಟೀಟಾ, ಮೊಟ್ಸಾರ್ಟ್‌ನ ಎ ಮೈನರ್ ಸೊನಾಟಾ, ಶೋಪ್ಯಾಂನ ಒಂದು ಮಜೂರ್ಕಾ ಮತ್ತು ಹದಿನಾಲ್ಕು ವಾಲ್ಟ್ಸ್‌ಗಳು ಮುದ್ರಿತವಾದವು.

ವಾಲ್ಟ್ಸ್ ಎಂಬುದು ಮೂರೆಣಿಕೆಯ ನೃತ್ಯ. ಆದರೆ ಶೋಪ್ಯಾಂನ ವಾಲ್ಟ್ಸ್‌ಗಳು ಕುಣಿಯಲು ಬರೆದವಲ್ಲ. ಕುಣಿತದ ನೆನಪಿನಿಂದ ಹುಟ್ಟಿದವು. ಆತ ಬದುಕಿದ್ದಾಗ ಪ್ರಕಟಿಸಿದವು ಎಂಟು. ಉಳಿದ ಆರು ಮರಣಾನಂತರ ಬೆಳಕು ಕಂಡು ಹದಿನಾಲ್ಕರ ಗುಚ್ಛವಾಯಿತು. ಲಿಪಾಟಿ ಅವನ್ನು ಅಚ್ಚಿನ ಕ್ರಮದಲ್ಲಿ ನುಡಿಸುವುದಿಲ್ಲ. ಒಂದರ ಬಣ್ಣದ ಪಕ್ಕದಲ್ಲಿ ಇನ್ನೊಂದರ ಬಣ್ಣ ಶೋಭಿಸುವಂತೆ ತನ್ನದೇ ಕ್ರಮದಲ್ಲಿ ಜೋಡಿಸುತ್ತಾನೆ. ಬೆಸಾಂಸೊಂನಲ್ಲಿ ಮೊದಲು ಬರುವುದು ಎ ಫ್ಲ್ಯಾಟ್ ಮೇಜರ್‌ನ ಐದನೆಯ ವಾಲ್ಟ್ಸ್. ಅದರಲ್ಲಿ ಎಡಗೈ ಮೂರರ ಎಣಿಕೆಯನ್ನು ಹಿಡಿದು ಹೋಗುತ್ತಿರುವಾಗ ಬಲಗೈಯ ಹಾಡು ಎರಡರ ಲೆಕ್ಕದಲ್ಲಿ ತೂಗುತ್ತದೆ. ನಡೆಭೇದದ ರುಚಿ ಬಲ್ಲ ನಮ್ಮ ರಸಿಕರಿಗೆ ಇದು ಹೊಸದಲ್ಲ. ಅನೇಕರು ಇಲ್ಲಿ ತಮ್ಮ ಕೈಚಳಕವನ್ನು ಪ್ರದರ್ಶಿಸುತ್ತಾರೆ. ಲಿಪಾಟಿಯಲ್ಲಿ ಲೆಕ್ಕ ಕೇಳಿಸುವುದೇ ಇಲ್ಲ. ತೂಗುವಿಕೆ ಮಾತ್ರ ಕೇಳಿಸುತ್ತದೆ.

ಸಿ ಶಾರ್ಪ್ ಮೈನರ್ ವಾಲ್ಟ್ಸ್‌ನಲ್ಲಿ ಒಂದು ಓಡುವ ಪಲ್ಲವಿ ಮತ್ತೆ ಮತ್ತೆ ಮರಳುತ್ತದೆ. ಗುರು ಕೋರ್ತೊ ಇಂಥ ಸ್ಥಳಗಳಲ್ಲಿ ಕವಿಯಂತೆ ಮೈಮರೆಯುತ್ತಾನೆ. ಅಲ್ಲಲ್ಲಿ ಸ್ವರಗಳೂ ತಪ್ಪುತ್ತವೆ, ಆದರೆ ಪ್ರತಿಯೊಂದು ಪದವೂ ಆ ಕ್ಷಣದಲ್ಲಿ ಹುಟ್ಟಿದಂತಿರುತ್ತದೆ. ಶಿಷ್ಯ ಗುರುವಿನಿಂದ ಹಾಡನ್ನು ಕಲಿತ, ಅವನ ಸ್ವಚ್ಛಂದವನ್ನು ಕಲಿಯಲಿಲ್ಲ. ಲಿಪಾಟಿ ಕದ್ದ ಕಾಲ ಒಂದು ಸಾಲು ಮುಗಿಯುವುದರೊಳಗೆ ತೀರಿರುತ್ತದೆ. ಕೋರ್ತೊನ ಬಿಸುಪನ್ನು ಮೆಚ್ಚುವವರಿಗೆ ಲಿಪಾಟಿ ತುಸು ಸಂಯಮಿಯಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಸಂಯಮ ಭಾವದ ಅಭಾವವಲ್ಲ. ಭಾವವನ್ನು ಕೇಳುಗನಿಗೆ ಬಿಟ್ಟುಕೊಡುವ ದಾಕ್ಷಿಣ್ಯ.

ಇನ್ನು ಬೆಸಾಂಸೊಂ ಕಛೇರಿ. ಪ್ರತಿ ಕೃತಿಗೂ ಮುನ್ನ ವಾದಕ ವಾದ್ಯದ ಮೇಲೆ ಒಮ್ಮೆ ಕೈಯಾಡಿಸಿ ಕೆಲವು ಸ್ವರಗಳನ್ನು ಹರಿಯಬಿಡುವ ಹಳೆಯ ಪದ್ಧತಿಯೊಂದಿತ್ತು. ಆ ಮುದ್ರಿಕೆಯ ಆರಂಭದಲ್ಲಿಯೇ ಅದನ್ನು ಕೇಳಬಹುದು. ಸ್ಟುಡಿಯೋದ ನಯ ಇಲ್ಲಿಲ್ಲ. ಗತಿಯಲ್ಲಿ ಒಂದು ತ್ವರೆಯಿದೆ. ಶೂಬರ್ಟ್‌ನ ಜಿ ಫ್ಲ್ಯಾಟ್ ಇಂಪ್ರಾಂಪ್ಟುವಿನಲ್ಲಿ ಕೆಳಗೆ ಹೊನಲಿನಂತೆ ಮೊರೆಯುವ ಸ್ವರಗಳ ಮೇಲೆ ದೀರ್ಘವಾದ ಒಂದು ರಾಗದ ಎಳೆ ತುಂಡಾಗದೆ ಸಾಗುತ್ತದೆ. ಈ ತ್ವರೆಯನ್ನು 'ಮೃತ್ಯುವಿನ ನೆರಳು' ಎಂದು ಬಣ್ಣಿಸುವುದು ಸುಲಭ. ಕಥೆ ತಿಳಿಯದವನಿಗೆ ಇದೇ ತ್ವರೆ, ಸಭೆಯನ್ನು ಕಂಡ ಕಲಾವಿದನ ಉತ್ಸಾಹವಾಗಿಯೂ ತೋರಬಹುದು.

ನಮ್ಮ ಕಿವಿಯನ್ನು ಹೆಸರು ಹೇಗೆ ಆಳುತ್ತದೆಂಬುದಕ್ಕೆ ಲಿಪಾಟಿಯ ವಿಷಯದಲ್ಲಿಯೇ ಒಂದು ನಿದರ್ಶನವಿದೆ. ಆತ ತೀರಿಕೊಂಡು ಹದಿನೈದು ವರ್ಷಗಳಾಗುವ ಹೊತ್ತಿಗೆ, ಶೋಪ್ಯಾಂನ ಮೊದಲ ಕನ್ಚೆರ್ಟೊದ ಒಂದು ಮುದ್ರಿಕೆ ಲಿಪಾಟಿಯ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಜಗತ್ತು ಅದನ್ನು ಲಿಪಾಟಿಯದೆಂದೇ ಕೇಳಿತು, ಮೆಚ್ಚಿತು. 1981ರಲ್ಲಿ ಬಿ.ಬಿ.ಸಿ. ಅದನ್ನು ಪ್ರಸಾರ ಮಾಡಿದಾಗ, ಇದು ಪೋಲೆಂಡಿನ ಹಾಲಿನಾ ಚೆರ್ನಿ-ಸ್ಟೆಫಾನ್‌ಸ್ಕಾ ಎಂಬಾಕೆಯ ಮುದ್ರಿಕೆಯಂತಿದೆಯಲ್ಲ ಎಂದು ಒಬ್ಬ ಕೇಳುಗರಿಗೆ ಸಂದೇಹ ಬಂತು. ಹೋಲಿಸಿ ನೋಡಿದಾಗ ಎರಡೂ ಒಂದೇ ಎಂದು ಸ್ಥಿರಪಟ್ಟಿತು. ಆಕೆ 1949ರ ವಾರ್ಸಾದ ಶೋಪ್ಯಾಂ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನು ಹಂಚಿಕೊಂಡವಳು, ಸಾಮಾನ್ಯಳಲ್ಲ. ಅದೇ ಕನ್ಚೆರ್ಟೊವನ್ನು ಲಿಪಾಟಿ 1950ರ ಫೆಬ್ರವರಿಯಲ್ಲಿ ಜ್ಯೂರಿಕ್‌ನಲ್ಲಿ ನುಡಿಸಿದ ನಿಜವಾದ ಮುದ್ರಿಕೆ ಆಮೇಲೆ ಹೊರಬಂತು.

ಇದನ್ನು ವಿಮರ್ಶಕರಿಗೆ ಆದ ಮುಖಭಂಗವೆಂದು ನಕ್ಕು ಬಿಡಬಹುದು. ನನಗೆ ಅದರಲ್ಲಿ ಎರಡು ಪಾಠಗಳು ಕಾಣುತ್ತವೆ. ಒಂದು, ತೀರಿಹೋದವನ ಮೇಲಿನ ಮರುಕ ನಮ್ಮಿಂದ ಇಲ್ಲದ್ದನ್ನು ಕೇಳಿಸುತ್ತದೆ. ಬದುಕಿದ್ದ ಒಬ್ಬ ಕಲಾವಿದೆಗೆ ಸಲ್ಲಬೇಕಾದ ಮೆಚ್ಚುಗೆ ಅಷ್ಟು ಕಾಲ ಆಕೆಗೆ ಸಲ್ಲಲಿಲ್ಲ. ಇನ್ನೊಂದು, ಆ ತಪ್ಪನ್ನು ಹಿಡಿದದ್ದೂ ಒಂದು ಕಿವಿಯೇ. ಹೊದಿಕೆಯ ಮೇಲಿನ ಹೆಸರನ್ನು ನಂಬದೆ, ರೇಡಿಯೋದ ಮುಂದೆ ಕುಳಿತು ಸ್ವರಗಳನ್ನಷ್ಟೆ ಕೇಳಿದ ಕಿವಿ ಅದು.

ಆದ್ದರಿಂದ ಲಿಪಾಟಿಯನ್ನು ಹೊಸದಾಗಿ ಕೇಳಹೊರಟವರಿಗೆ ನನ್ನ ಸೂಚನೆ ಇಷ್ಟೆ: ಬೆಸಾಂಸೊಂನಿಂದ ಪ್ರಾರಂಭಿಸಬೇಡಿ. ಮೊದಲು 1947ರ ಬಿ ಮೈನರ್ ಸೊನಾಟಾವನ್ನು ಕೇಳಿ. ಅಲ್ಲಿ ಕರುಣೆಯನ್ನು ಬೇಡುವ ಒಂದು ಸ್ವರವೂ ಇಲ್ಲ, ತುಂಬು ತಾರುಣ್ಯದ ಶಕ್ತಿಯಿದೆ. ಆಮೇಲೆ ಷೂಮಾನ್, ಅನಂತರ ಜಿನೀವಾದ ವಾಲ್ಟ್ಸ್‌ಗಳು. ಕೊನೆಗೆ ಬೆಸಾಂಸೊಂ. ಆಗ ಕಥೆ ಅಲ್ಲಿದ್ದರೂ ಸಂಗೀತದ ಮುಂದೆ ಬಂದು ನಿಲ್ಲುವುದಿಲ್ಲ.

ಬೆಸಾಂಸೊಂನಲ್ಲಿ ನುಡಿಸದೆ ಉಳಿದದ್ದು ಎ ಫ್ಲ್ಯಾಟ್ ಮೇಜರ್‌ನ ಎರಡನೆಯ ವಾಲ್ಟ್ಸ್. ಆ ಸಂಜೆಯ ಕೊನೆಯ ಬಾಖ್ ಮುದ್ರಿಕೆಯಲ್ಲಿ ಉಳಿದು ಬಂದಿಲ್ಲ. ಆದರೆ ಆ ವಾಲ್ಟ್ಸ್ ಕಳೆದುಹೋಗಿಲ್ಲ. ಎರಡು ತಿಂಗಳ ಹಿಂದೆ ಜಿನೀವಾದ ಸ್ಟುಡಿಯೋದಲ್ಲಿ ಲಿಪಾಟಿ ಅದನ್ನು ನುಡಿಸಿದ್ದ. ಅಲ್ಲಿಯೂ ಅದನ್ನು ಕಟ್ಟಕಡೆಗೇ ಇರಿಸಿದ್ದ. ಅದು ಅಳುವ ಸಂಗೀತವಲ್ಲ. ದೀಪ ಬೆಳಗಿದ ದೊಡ್ಡ ಸಭಾಂಗಣದೊಳಕ್ಕೆ ಬಾಗಿಲು ತೆರೆದು ಕರೆಯುವಂತಹ, ಹರ್ಷದ ಸಂಗೀತ. ಹದಿನಾಲ್ಕನ್ನೂ ಹೀಗೆ ಸಂತೋಷದಲ್ಲಿ ಮುಗಿಸಬೇಕೆಂಬುದು ಆತನ ಯೋಜನೆಯಾಗಿತ್ತು. ಆತನ ಬಗೆಗೆ ನಾವು ಹೇಳಿಕೊಳ್ಳುವ ಕಥೆ ದುಃಖದಲ್ಲಿ ಮುಗಿಯುತ್ತದೆ; ಆತ ಜೋಡಿಸಿದ ಸಂಗೀತ ಹಾಗೆ ಮುಗಿಯುವುದಿಲ್ಲ.