ಬಂಡೆಯ ಮೇಲಿನ ಊರು: ಮೇಲುಕೋಟೆ

ಬೆಟ್ಟದ ಮೇಲೆ ಊರು ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಅಲ್ಲಿ ನೀರನ್ನು ನಿಲ್ಲಿಸಿಕೊಳ್ಳುವುದು ಕಷ್ಟ. ಇಟಲಿಯ ಉಂಬ್ರಿಯಾ ಸೀಮೆಯಲ್ಲಿ ಓರ್ವಿಯೆಟೊ ಎಂಬ ಮಧ್ಯಯುಗದ ಊರೊಂದಿದೆ. ಕಡಿದಾದ ಬಂಡೆಯ ನೆತ್ತಿ ಅದರ ನೆಲೆ. 1527ರಲ್ಲಿ ರೋಮ್ ನಗರ ಸೂರೆಹೋದ ಬಳಿಕ ಪೋಪ್ ಏಳನೆಯ ಕ್ಲೆಮೆಂಟನು ಅಲ್ಲಿ ಆಶ್ರಯ ಪಡೆದ. ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂಬ ಚಿಂತೆಯಿಂದ ಆತ ತೋಡಿಸಲು ತೊಡಗಿದ ಬಾವಿ ಮುಗಿದದ್ದು 1537ರಲ್ಲಿ. ಅದರೊಳಗೆ ಒಂದಕ್ಕೊಂದು ಎದುರಾಗದ ಎರಡು ಸುರುಳಿ ದಾರಿಗಳಿವೆ. ಒಂದೊಂದಕ್ಕೂ 248 ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಏರಿಬರುತ್ತಿದ್ದವು.

ಇದೇ ಪ್ರಶ್ನೆಗೆ ನಮ್ಮ ನಾಡು ಬೇರೊಂದು ಉತ್ತರ ಕಂಡುಕೊಂಡಿತ್ತು. ಅದನ್ನು ನೋಡಲು ತುರುವೇಕೆರೆಯವರಾದ ನಾವು ಬಹಳ ದೂರ ಹೋಗಬೇಕಾಗಿಲ್ಲ. ಮಾಯಸಂದ್ರ, ಬೆಳ್ಳೂರು, ನಾಗಮಂಗಲ ದಾಟಿ ಜಕ್ಕನಹಳ್ಳಿಯಲ್ಲಿ ತಿರುಗಿದರೆ ಯದುಗಿರಿ ಕಾಣುತ್ತದೆ. ಅದೇ ಮೇಲುಕೋಟೆ.

ಊರಿನ ಚರಿತ್ರೆ ತಮಗೆ ತಿಳಿಯದ್ದಲ್ಲ. 12ನೆಯ ಶತಮಾನದ ಆರಂಭದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿದರೆಂದೂ ಚೆಲುವನಾರಾಯಣನ ಸೇವೆಯನ್ನು ವ್ಯವಸ್ಥೆಗೊಳಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಮೈಸೂರಿನ ರಾಜ ಒಡೆಯರು ಅರ್ಪಿಸಿದ ರಾಜಮುಡಿ, ಮಂಡ್ಯದ ಖಜಾನೆಯಿಂದ ಕಾವಲಿನೊಡನೆ ಬರುವ ವೈರಮುಡಿ, ಆ ಉತ್ಸವದ ಇರುಳಿನ ಜನಸಾಗರ — ಇವನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಪುಳಿಯೋಗರೆಯನ್ನು ಕುರಿತಂತೂ ಹೇಳುವುದೇ ಬೇಡ!

ಆದರೆ ಉತ್ಸವ ಮುಗಿದು ಜನ ಇಳಿದುಹೋದ ಮೇಲೂ ಊರು ಅಲ್ಲಿಯೇ ಇರಬೇಕಲ್ಲ? ಹೊಳೆಯಿಲ್ಲದ ಆ ಕಲ್ಲಿನ ನೆತ್ತಿಯಲ್ಲಿ ಇಷ್ಟು ಶತಮಾನ ಅದು ಬದುಕಿದ್ದು ಹೇಗೆ? ಅದಕ್ಕೆ ಉತ್ತರ ಕೊಳಗಳಲ್ಲಿದೆ. ನೂರೆಂಟು ಕೊಳಗಳೆಂಬ ಮಾತು ರೂಢಿಯಲ್ಲಿದೆ. ಎಣಿಕೆಯ ಗೊಡವೆ ನಮಗೆ ಬೇಡ. ಬೋಳು ಬಂಡೆ ಮಳೆಯನ್ನು ಕುಡಿಯದು, ಜಾರಿಸಿಬಿಡುತ್ತದೆ. ಜಾರಿದ ನೀರು ತಗ್ಗು ಸೇರುವೆಡೆಯಲ್ಲಿ ಮೆಟ್ಟಿಲು ಕಟ್ಟಿ ಹಿಡಿದುಕೊಂಡರೆ ಬಂಜೆಯೆನಿಸಿದ ಕಲ್ಲೇ ಊರಿಗೆ ನೀರುಣಿಸುವ ತಾಯಿಯಾಗುತ್ತದೆ. ಮಂಟಪಸಾಲುಗಳ ನಡುವಣ ಕಲ್ಯಾಣಿ ಸ್ನಾನಕ್ಕೆ, ದೇವರ ಕಾರ್ಯಕ್ಕೆ. ಕುಡಿಯುವ ನೀರಿಗೆ ಬೇರೆ ಕೊಳ. ಈ ವಿಂಗಡಣೆಯಲ್ಲಿ ವಿವೇಕವಿದೆ.

ಅಕ್ಕತಂಗಿ ಕೊಳಗಳ ಕಥೆಯನ್ನು ನೋಡಿ. ಇಬ್ಬರು ಸೋದರಿಯರು ಒತ್ತೊತ್ತಿಗೆ ಒಂದೊಂದು ಕೊಳ ಕಟ್ಟಿಸಿದರು; ಒಬ್ಬಳು ಖರ್ಚಿಗೆ ಲೆಕ್ಕವಿಟ್ಟಳು, ಇನ್ನೊಬ್ಬಳು ಇಡಲಿಲ್ಲ. ಲೆಕ್ಕವಿಟ್ಟವಳ ನೀರು ಕುಡಿಯಲು ಬಾರದಾಯಿತಂತೆ. ಲೆಕ್ಕಪತ್ರದವರಿಗೆ ಇದು ಅನ್ಯಾಯವೆನಿಸೀತು! ಆದರೆ ಒಂದು ಕೊಳದ ನೀರನ್ನು ಕುಡಿಯಲೆಂದೇ ಕಾಪಾಡಿಕೊಳ್ಳಬೇಕೆಂಬ ಕಟ್ಟಳೆಯನ್ನು ಜನ ಕಥೆಯಾಗಿ ನೆನಪಿಟ್ಟುಕೊಂಡರೆಂದೇ ನನ್ನ ಊಹೆ. ಸೀತೆಯ ಬಾಯಾರಿಕೆ ತಣಿಸಲು ರಾಮನು ಬಾಣವೂರಿ ನೀರುಕ್ಕಿಸಿದನೆಂಬ ಧನುಷ್ಕೋಟಿಯ ಐತಿಹ್ಯವೂ ನೀರಿನದೇ.

ನಮ್ಮದು ಕೆರೆಯ ಸೀಮೆ. ನೀರು ಹರಿದು ಬರುವುದನ್ನು ಏರಿ ಕಟ್ಟಿ ಕಾಯುತ್ತೇವೆ, ಅದರ ಕೆಳಗೆ ತೆಂಗು ಬೆಳೆಯುತ್ತೇವೆ; ಊರಿನ ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡಿದ್ದೇವೆ. ಮೇಲುಕೋಟೆಯವರು ನೀರು ಹರಿದುಹೋಗುವ ಮುನ್ನವೇ ತಡೆದರು. ರೀತಿ ಬೇರೆ, ಆಧಾರ ಒಂದೇ: ಆ ವರ್ಷದ ಮಳೆ. ಇಂದು ನಮ್ಮ ತೋಟಗಳ ಕೊಳವೆ ಬಾವಿಗಳು ಪಾತಾಳ ಮುಟ್ಟುತ್ತಿರುವಾಗ, ಒಣಗಿದ ಸುಳಿಯ ಮರಗಳನ್ನು ಕಡಿದುಹಾಕುವ ದಿನಗಳು ಬಂದಿರುವಾಗ, ಆ ಕೊಳಗಳ ಮುಂದೆ ನಿಂತವನಿಗೆ ಶಿಲ್ಪದ ಸೊಬಗಷ್ಟೇ ಕಾಣುವುದಿಲ್ಲ. ನಲ್ಲಿ ಬಂದ ಮೇಲೆ ಕೊಳ ಅಲಂಕಾರವಾಗುತ್ತದೆ. ಅಲಂಕಾರವಾದ ಮೇಲೆ ಹೂಳು ತೆಗೆಯುವವರಿಲ್ಲ. ಸುತ್ತಲ ಇಳಿಜಾರಿನಲ್ಲಿ ಮನೆ ಎದ್ದಿತೋ, ಕೊಳಕ್ಕೆ ನೀರು ಬರುವ ದಾರಿಯೇ ಮುಚ್ಚಿತು.

1905ರಲ್ಲಿ ಇಲ್ಲಿ ಹುಟ್ಟಿದ ಕವಿ ಪು.ತಿ. ನರಸಿಂಹಾಚಾರ್ಯರ ಮನೆ ಈಗ ಸ್ಮಾರಕವಾಗಿದೆ. ಸಾಹಿತ್ಯಪ್ರಿಯರು ಅದನ್ನು ನೋಡದೆ ಬರಬಾರದು. ಹೋಗುವುದಾದರೆ ವೈರಮುಡಿಯ ಗದ್ದಲ ಬೇಡ, ಮುಂಗಾರು ಮುಗಿದ ದಿನಗಳಲ್ಲಿ ಹೋಗಿ. ಯೋಗನರಸಿಂಹನ ಮೆಟ್ಟಿಲುಗಳನ್ನು ಬೆಳಗಿನ ತಂಪಿನಲ್ಲಿಯೇ ಹತ್ತಿ, ಅಲ್ಲಿಂದ ಕೆಳಗಿನ ಊರನ್ನೊಮ್ಮೆ ನೋಡಿ: ಕಲ್ಲು, ಹೆಂಚು, ನಡುನಡುವೆ ಕೊಳಗಳ ಹೊಳಪು. ಇಳಿದು ಬಂದು, ಅಪೂರ್ಣವಾಗಿ ನಿಂತಿರುವ ರಾಯಗೋಪುರದ ಎತ್ತರದ ಕಂಬಗಳ ಬಳಿಗೆ ಹೋದಾಗ ಅಕ್ಕತಂಗಿ ಕೊಳಗಳನ್ನು ಕೇಳಿ ನೋಡಿ. ಅಲ್ಲಿಂದ ಅವು ನಾಲ್ಕು ಹೆಜ್ಜೆ.